ನಂಬಿಕೆ ಬತ್ತಿಹೋದಂತಿದೆ, ರಕ್ಷಣೆಯೂ ಹೋಯಿತಾ? ದಾಟಿ ಬಂದವರು ಹೇಳಿ

ಕೇಳಿದ್ದು: ಗದಗ ಕಡೆಯವಳು, ಈಗ ಬೆಂಗಳೂರು

ಎಲ್ಲರಿಗೂ ವಂದನೆ. ನಾನು ಹುಟ್ಟಿ ಬೆಳೆದದ್ದು ಕ್ರೈಸ್ತ ಸಭೆಯಲ್ಲೇ. ಹದಿನಾರನೇ ವಯಸ್ಸಿನಲ್ಲಿ ಯೂತ್ ಕ್ಯಾಂಪಿನಲ್ಲಿ ನನ್ನನ್ನು ಕರ್ತನಿಗೆ ಒಪ್ಪಿಸಿಕೊಟ್ಟೆ. ಅದು ನಿಜವಾಗಿತ್ತು. ಹತ್ತು ತಿಂಗಳ ಹಿಂದೆ ಅವ್ವ ತೀರಿಕೊಂಡಳು. ಆಮೇಲೆ ಪ್ರಾರ್ಥನೆಯೇ ಬರುತ್ತಿಲ್ಲ. ಸತ್ಯವೇದ ತೆರೆದರೆ ಅಕ್ಷರ ಕಾಣುತ್ತದೆ, ಅಷ್ಟೇ. ಇಲ್ಲಿ ಫೆಲೋಶಿಪ್ಪಿನಲ್ಲಿ ಒಬ್ಬ ಅಕ್ಕನ ಹತ್ತಿರ ಹೇಳಿಕೊಂಡೆ. ಅವರು ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯ ತೆಗೆದು, ಒಮ್ಮೆ ಬೆಳಕು ಕಂಡು ಬಿದ್ದುಹೋದವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಆಗದ ಮಾತು, ಹುಷಾರಾಗಿರು ಅಂದರು. ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ನಂಬಿಕೆ ಹೋದರೆ ರಕ್ಷಣೆಯೂ, ಅಂದರೆ ಕ್ರಿಸ್ತನಿಂದ ಸಿಕ್ಕ ಪಾಪವಿಮೋಚನೆಯೂ, ಹೋಗುತ್ತದಾ? ಇಂಥದ್ದನ್ನು ಅನುಭವಿಸಿದವರು ಯಾರಾದರೂ ಇದ್ದೀರಾ?

ಧಾರವಾಡದಿಂದ

ತಂಗೀ, ವಯಸ್ಸಿನಲ್ಲಿ ದೊಡ್ಡವನು, ಹಾಗಾಗಿ ನೀನು ಅಂತಲೇ ಮಾತಾಡುತ್ತೇನೆ. ಆ ಅಕ್ಕ ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆದರೂ ಅವ್ವನನ್ನು ಮಣ್ಣು ಮಾಡಿ ವರ್ಷ ತುಂಬದವಳ ಮುಂದೆ ಆ ವಚನ ಓದಬಾರದಿತ್ತು.

ನಾನು ನಮ್ಮ ಸಭೆಯಲ್ಲಿ ಮೂವತ್ತು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತೇನೆ. ಅದರಲ್ಲಿ ಸುಮಾರು ಮೂರು ವರ್ಷ ನಂಬಿಕೆ ಇಲ್ಲದೆ ನುಡಿಸಿದ್ದೇನೆ. ನಮ್ಮ ಎರಡನೇ ಮಗು ಹನ್ನೊಂದು ದಿನಕ್ಕೆ ಹೋಯಿತು. ಆ ಮೇಲಿನ ಭಾನುವಾರಗಳಲ್ಲಿ ಎಡಗೈ ತಿದಿ ಒತ್ತುತ್ತಿತ್ತು, ಬಲಗೈ ಬೆರಳು ತಾವಾಗಿ ಓಡುತ್ತಿದ್ದವು, ಬಾಯಿ ಮಾತ್ರ ಮುಚ್ಚಿರುತ್ತಿತ್ತು. ಮೊದಲು ನುಡಿಸುತ್ತಲೇ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದವನು ನಾನು. ಆರು ತಿಂಗಳಾದ ಮೇಲೆ, ನಂಬದವನು ದೇವರ ಆಲಯದಲ್ಲಿ ಕೂತು ನುಡಿಸುವುದು ಮೋಸ ಅನ್ನಿಸಿ, ಪೆಟ್ಟಿಗೆಯ ಕೀಲಿ ಹಿಂದಿರುಗಿಸಲು ಅಯ್ಯನವರ, ಅಂದರೆ ನಮ್ಮ ಪಾದ್ರಿಯವರ, ಮನೆಗೆ ಹೋದೆ. ಮೇಜಿನ ಮೇಲೆ ಕೀಲಿ ಇಟ್ಟೆ. ಅವರು ಎಲ್ಲ ಕೇಳಿಸಿಕೊಂಡರು. ಉಪದೇಶ ಮಾಡಲಿಲ್ಲ. ಕೀಲಿಯನ್ನು ನನ್ನ ಕಡೆಗೇ ತಳ್ಳಿ, "ನೀ ಹಾಡಬ್ಯಾಡ. ಸಭೆ ಹಾಡ್ತದ. ನೀ ಶ್ರುತಿ ಹಿಡಿ ಸಾಕು" ಅಂದರು.

ಅದನ್ನೇ ಮಾಡಿದೆ. ನಂಬಿಕೆ ಯಾವತ್ತು ಮರಳಿತು ಅಂತ ತಾರೀಖು ಹೇಳಲಾರೆ. ಮುಂದಿನ ಬೆಂಚಿನಲ್ಲಿ ಕೂರುವ ಒಬ್ಬ ಅಜ್ಜಿಗೆ ಮೇಲಿನ ಸ್ವರ ನಿಲುಕುತ್ತಿರಲಿಲ್ಲ. ಅವರಿಗೋಸ್ಕರ ಶ್ರುತಿಯನ್ನು ಒಂದು ಮನೆ ಇಳಿಸಿ ನುಡಿಸುವ ರೂಢಿ ಮಾಡಿಕೊಂಡಿದ್ದೆ. ಒಂದು ಭಾನುವಾರ ಅವರು ಬಂದಿರಲಿಲ್ಲ. ಆ ಸಾಲು ಬಂದಾಗ ಅವರ ಬದಲು ನಾನೇ ಹಾಡುತ್ತಿದ್ದೇನೆ ಅಂತ ಗೊತ್ತಾಯಿತು. ಅಷ್ಟೇ. ಮೈ ಜುಮ್ಮೆನ್ನಲಿಲ್ಲ, ಬೆಳಕೂ ಕಾಣಲಿಲ್ಲ.

ಈಗ ಇಬ್ರಿಯ 6ರ ಮಾತು. 4ರಿಂದ 6ನೇ ವಚನ ಓದಿ ಅಲ್ಲೇ ನಿಲ್ಲಿಸಿದರೆ ಯಾರಿಗಾದರೂ ಎದೆ ನಡುಗುತ್ತದೆ. 9ನೇ ವಚನದವರೆಗೆ ಹೋಗು. ಪ್ರಿಯರೇ, ಹೀಗೆ ಮಾತಾಡಿದರೂ ನಿಮ್ಮ ವಿಷಯದಲ್ಲಿ ನಮಗೆ ಇದಕ್ಕಿಂತ ಒಳ್ಳೆಯ ಭರವಸೆಯಿದೆ ಅನ್ನುತ್ತಾನೆ ಬರೆದವನು. ಆ ಪತ್ರ ಹೋದದ್ದು ಹಿಂಸೆ ಕಂಡು, ಸೊತ್ತು ಕಳಕೊಂಡು, ದಣಿದಿದ್ದ ಜನಕ್ಕೆ. ಯೇಸುವನ್ನು ಬಿಟ್ಟು ಹಿಂದಕ್ಕೆ ಹೋಗಬೇಡಿ ಅಂತ ತಡೆಯುವ ಪತ್ರ ಅದು. ಬೇಕಂತಲೇ ಕ್ರಿಸ್ತನಿಗೆ ಬೆನ್ನು ತಿರುಗಿಸಿ, ಎಲ್ಲರೆದುರು ಅವಮಾನ ಮಾಡುವವರ ಬಗ್ಗೆ ಆ ಗಡಸು ಮಾತು. ಅತ್ತು ಅತ್ತು ಬಾಯಿ ಕಟ್ಟಿದವಳಿಗೆ ಅದು ಹೊಂದುವುದಿಲ್ಲ.

ಹಾಗೆ ಎಲ್ಲರೆದುರು ಬಿಟ್ಟುಕೊಟ್ಟವರೂ ಚರಿತ್ರೆಯಲ್ಲಿ ಇದ್ದಾರೆ. ಕ್ರಿ.ಶ. 250ರ ಹೊತ್ತಿಗೆ ರೋಮನ್ ಚಕ್ರವರ್ತಿ ಡೀಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಕೊಡಬೇಕು, ಕೊಟ್ಟದ್ದಕ್ಕೆ ಚೀಟಿ ಇಟ್ಟುಕೊಳ್ಳಬೇಕು ಅಂತ ಆಜ್ಞೆ ಮಾಡಿದ. ಅಂಥ ಚೀಟಿಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಬಲಿ ಕೊಟ್ಟೆ, ಪಾನ ಎರೆದೆ, ಬಲಿಯ ರುಚಿ ನೋಡಿದೆ, ದಯಮಾಡಿ ಸಹಿ ಹಾಕಿ ಅನ್ನುವ ಅರ್ಜಿಗಳು. ಎಷ್ಟೋ ಕ್ರೈಸ್ತರು ಜೀವಭಯಕ್ಕೆ ಬಲಿ ಕೊಟ್ಟರು. ಕೆಲವರು ದುಡ್ಡು ಕೊಟ್ಟು ಬರೀ ಚೀಟಿ ಕೊಂಡರು. ಹಿಂಸೆ ತಗ್ಗಿದ ಮೇಲೆ ಅವರೆಲ್ಲ ಸಭೆಯ ಬಾಗಿಲಿಗೆ ಬಂದರು. ರೋಮಿನ ಪಾದ್ರಿ ನೊವೇಷಿಯನ್ ಒಳಗೆ ಬಿಡಲೇಬಾರದು ಅಂದ. 251ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಅಲ್ಲಿನ ಬಿಷಪ್ ಸಿಪ್ರಿಯನ್ ಮತ್ತು ಇತರ ಬಿಷಪ್‌ಗಳು ಕೂತು ಮಾತಾಡಿದರು. ಚೀಟಿ ಕೊಂಡವರು ಪಶ್ಚಾತ್ತಾಪಪಟ್ಟರೆ ಸೇರಿಸಿಕೊಳ್ಳೋಣ, ಬಲಿ ಕೊಟ್ಟವರನ್ನು ಸಾಯುವ ಹೊತ್ತಿಗಾದರೂ ಸೇರಿಸಿಕೊಳ್ಳೋಣ ಅಂದರು. ಮುಂದೆ ಅದನ್ನೂ ಸಡಿಲಿಸಿದರು. ಕ್ರಿಸ್ತನನ್ನು ತಳ್ಳಿದ್ದಕ್ಕೆ ಸಹಿ ಹಾಕಿದ ಕಾಗದವೇ ಇದ್ದವರಿಗೆ ಬಾಗಿಲು ತೆರೆಯಿತು. ನಿನ್ನ ಹತ್ತಿರ ಯಾವ ಕಾಗದವಿದೆ ತಂಗೀ?

ರಕ್ಷಣೆ ಹೋಗುತ್ತದಾ ಅನ್ನುವುದಕ್ಕೆ ಎಲ್ಲ ಸಭೆಗಳೂ ಒಪ್ಪುವ ಒಂದೇ ಉತ್ತರ ಇಲ್ಲ. ಅದನ್ನು ಮುಚ್ಚಿಡುವುದು ತಪ್ಪು. 1618-19ರಲ್ಲಿ ಹಾಲೆಂಡಿನ ಡಾರ್ಟ್ ಊರಿನಲ್ಲಿ ಕೂಡಿದ ರಿಫಾರ್ಮ್ಡ್ ಸಭೆಗಳ ಪ್ರತಿನಿಧಿಗಳು, ದೇವರು ಆರಿಸಿಕೊಂಡವರು ಬೀಳಬಹುದು, ಆದರೆ ಪೂರ್ತಿ ಕಳೆದುಹೋಗುವುದಿಲ್ಲ ಅಂದರು. ಮೆಥಡಿಸ್ಟ್ ಪಂಗಡಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿ, ನಿಜವಾಗಿ ನಂಬಿದವನೂ ಕೈಬಿಟ್ಟು ನಾಶವಾಗಬಹುದು ಅಂತ ಬೋಧಿಸಿದರು, ಬಿದ್ದವನು ಮರಳಿ ಬರಬಹುದು ಅಂತಲೂ ಬೋಧಿಸಿದರು. 1947ರಲ್ಲಿ ಹಲವು ಪಂಗಡಗಳು ಕೂಡಿ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದಾಗ ಈ ಎರಡೂ ಕಡೆಯವರು ಒಂದೇ ಸೂರಿನ ಕೆಳಗೆ ಬಂದರು. ಅದಕ್ಕೇ ಒಬ್ಬ ಅಯ್ಯನವರು ನನ್ನ ಕುರಿಗಳನ್ನು ಯಾರೂ ನನ್ನ ಕೈಯಿಂದ ಕಿತ್ತುಕೊಳ್ಳಲಾರರು ಅನ್ನುವ ಯೋಹಾನ 10ನ್ನು ಓದುತ್ತಾರೆ. ಇನ್ನೊಬ್ಬರು ಕಡೇ ತನಕ ತಾಳುವವನು ಅನ್ನುವ ಮತ್ತಾಯ 24ನ್ನು ಓದುತ್ತಾರೆ. ನಾನು ಯೋಹಾನ 10ರ ಕಡೆಯವನು. ಆ ಮೂರು ವರ್ಷ ನಾನಂತೂ ಏನನ್ನೂ ಹಿಡಿದುಕೊಂಡಿರಲಿಲ್ಲ. ಆದರೂ ಬಿದ್ದುಹೋಗಲಿಲ್ಲ ಅಂದರೆ ಹಿಡಿದಿದ್ದವರು ಬೇರೆ ಯಾರೋ ಇದ್ದರು ಅಲ್ವಾ?

ಇನ್ನೊಂದು ವಿಷಯ ನನಗೆ ತುಂಬ ಧೈರ್ಯ ಕೊಟ್ಟಿತ್ತು. 1738ರಲ್ಲಿ ಹೃದಯ ಬೆಚ್ಚಗಾಯಿತು ಅಂತ ಬರೆದ ಅದೇ ವೆಸ್ಲಿ, 1766ರಲ್ಲಿ ತಮ್ಮನಾದ ಚಾರ್ಲ್ಸ್‌ಗೆ, ನಾನು ದೇವರನ್ನು ಪ್ರೀತಿಸುತ್ತಿಲ್ಲ, ಎಂದೂ ಪ್ರೀತಿಸಲಿಲ್ಲ ಅಂತ ಪತ್ರ ಬರೆದಿದ್ದರು. ಆಮೇಲೂ ಇಪ್ಪತ್ತೈದು ವರ್ಷ ಹತ್ತಿರ ಪ್ರಸಂಗ ಮಾಡುತ್ತಲೇ ಇದ್ದರು.

ಈಗ ಉದ್ದ ಪ್ರಾರ್ಥನೆಗೆ ಕೂರಬೇಡ. ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಾದರೂ ಕೂತು, ಕರ್ತನ ಪ್ರಾರ್ಥನೆಯನ್ನು ಎಲ್ಲರ ಜೊತೆ ಬಾಯಲ್ಲಿ ಹೇಳು. ರಾತ್ರಿ ಒಬ್ಬಳೇ ಆ ಅಧ್ಯಾಯ ತೆಗೆಯಬೇಡ.

ಮಂಗಳೂರಿನಿಂದ

ನಾವು ಕಥೋಲಿಕರು, ನಮ್ಮಲ್ಲಿ ಮಾತು ಸ್ವಲ್ಪ ಬೇರೆ. ದೊಡ್ಡ ಪಾಪ ಮಾಡಿದರೆ ವರಪ್ರಸಾದ, ಅಂದರೆ ದೇವರ ಕೃಪೆ, ಹೋಗುತ್ತದೆ, ವಿಶ್ವಾಸವನ್ನೇ ಬಿಟ್ಟರೂ ಹೋಗುತ್ತದೆ. 1547ರಲ್ಲಿ ನಮ್ಮ ಬಿಷಪ್‌ಗಳು ಕೂಡಿದ್ದ ಟ್ರೆಂಟ್ ಮಹಾಸಭೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಕೇಳಲು ಭಯ ಅನ್ನಿಸಬಹುದು. ಆದರೆ ನಮಗೆ ಕುಮ್ಸಾರ್ ಇದೆ, ಅಂದರೆ ಪಾಪನಿವೇದನೆ. ಹೋಯಿತು ಅಂತ ಅಲ್ಲಿಗೇ ಮುಗಿಯುವುದಿಲ್ಲ. ನಾನು ಏಳು ವರ್ಷ ಗಲ್ಫ್‌ನಲ್ಲಿದ್ದಾಗ ಬಲಿಪೂಜೆ ಪೂರ್ತಿ ಬಿಟ್ಟಿದ್ದೆ. ವಾಪಸ್ ಬಂದು ಕುಮ್ಸಾರಿಗೆ ಮೊಣಕಾಲೂರಿದಾಗ ಶುರು ಮಾಡುವ ಪ್ರಾರ್ಥನೆಯೇ ಮರೆತುಹೋಗಿತ್ತು. ಫಾದರ್ ಒಂದೊಂದೇ ಪದ ಹೇಳಿಕೊಟ್ಟರು, ನಾನು ಹಿಂದೆ ಹೇಳಿದೆ. ಚಿಕ್ಕ ಮಗುವಿಗೆ ಹೇಳಿಕೊಟ್ಟ ಹಾಗೆ.

ಪ್ರಾರ್ಥನೆ ಒಣಗುವುದು ಪಾಪ ಅಲ್ಲ. ಮದರ್ ತೆರೇಸಾ ಸುಮಾರು ಐವತ್ತು ವರ್ಷ ಒಳಗೆ ಕತ್ತಲನ್ನೇ ಅನುಭವಿಸಿದ್ದರು. 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಎಲ್ಲರಿಗೂ ಗೊತ್ತಾಯಿತು.

ಮೈಸೂರಿನಿಂದ, ನರ್ಸ್

ನಿದ್ದೆ ಇಲ್ಲ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಇಪ್ಪತ್ತೆರಡು ವಯಸ್ಸಿನಲ್ಲಿ ಕ್ಷಮೆಯಿಲ್ಲದ ಪಾಪದ ಹೆದರಿಕೆ ಹಿಡಿದಿತ್ತು. ಮತ್ತಾಯ 12ರಲ್ಲಿ ಪವಿತ್ರಾತ್ಮನ ವಿರುದ್ಧ ದೂಷಣೆ ಅಂತ ಬರುತ್ತದಲ್ಲ, ಅದು. ಕೆಟ್ಟ ಯೋಚನೆ ತಾನಾಗಿ ನುಗ್ಗುತ್ತಿತ್ತು. ತಕ್ಷಣ ಕ್ಷಮೆ ಕೇಳುತ್ತಿದ್ದೆ. ಸರಿಯಾಗಿ ಕೇಳಲಿಲ್ಲವೇನೋ ಅಂತ ಮತ್ತೆ ಕೇಳುತ್ತಿದ್ದೆ. ನೈಟ್ ಡ್ಯೂಟಿಯಲ್ಲಿ ಡ್ರಿಪ್ ಹಾಕುತ್ತಾ ತುಟಿ ಅಲ್ಲಾಡಿಸುತ್ತಿದ್ದೆ. ಒಂದು ರಾತ್ರಿ ಎಣಿಸಿದೆ, ನಲವತ್ತು ದಾಟಿತ್ತು.

ನಮ್ಮ ಸೀನಿಯರ್ ಸಿಸ್ಟರ್ ನನ್ನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅದು ಗೀಳು ಕಾಯಿಲೆ. ಕೆಲವರಿಗೆ ಕೈ ತೊಳೆಯುವುದರಲ್ಲಿ ಕಾಣಿಸುತ್ತದೆ, ನನಗೆ ಕ್ಷಮೆ ಕೇಳುವುದರಲ್ಲಿ ಕಾಣಿಸಿತು. ಮಾತ್ರೆ, ಜೊತೆಗೆ ಥೆರಪಿ. ನಿಧಾನವಾಗಿ ಹತೋಟಿಗೆ ಬಂತು. ನನ್ನ ನಂಬಿಕೆಗೆ ಏನೂ ಆಗಿರಲಿಲ್ಲ.

ಇಂಗ್ಲಿಷ್ ಕವಿ ವಿಲಿಯಂ ಕೂಪರ್ ಕಥೆ ಆಗಾಗ ನೆನಪಾಗುತ್ತದೆ. ಚೆಂದದ ಕೀರ್ತನೆಗಳನ್ನು ಬರೆದವರು. 1773ರಲ್ಲಿ ಒಂದು ಕನಸಿನ ಮೇಲೆ, ನಾನು ನಾಶಕ್ಕೇ ಹೋದವನು ಅಂತ ನಂಬಿಬಿಟ್ಟರು. 1800ರಲ್ಲಿ ಸಾಯುವ ತನಕ ಆ ಭಯ ಬಿಡಲೇ ಇಲ್ಲ. ಅವರ ಸ್ನೇಹಿತ ಪಾದ್ರಿ ಜಾನ್ ನ್ಯೂಟನ್ ಅವರನ್ನು ವರ್ಷಕ್ಕೂ ಜಾಸ್ತಿ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಆಗ ಈ ಔಷಧಿಗಳು ಇರಲಿಲ್ಲ. ಈಗ ಇವೆ. ನಿಮ್ಮದು ಬರೀ ದುಃಖವೇ ಇರಬಹುದು, ಆದರೂ ನಿದ್ದೆಗೋಸ್ಕರವಾದರೂ ಡಾಕ್ಟರಿಗೆ ತೋರಿಸಿ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಬಳ್ಳಾರಿಯಿಂದ

ಎಲ್ಲರೂ ಮರಳಿ ಬಂದವರ ಸಾಕ್ಷಿ ಹೇಳುತ್ತಿದ್ದೀರಿ. ಬಾರದವರೂ ಇದ್ದಾರೆ. ನಮ್ಮ ಅಣ್ಣ ಹದಿನೈದು ವರ್ಷ ಸಂಡೇ ಸ್ಕೂಲ್ ನಡೆಸಿದವನು. ಈಗ ನನಗೆ ನಂಬಿಕೆ ಇಲ್ಲ ಅಂತ ಶಾಂತವಾಗಿ ಹೇಳುತ್ತಾನೆ. ಅವನಿಗೆ ಸಿಟ್ಟಿಲ್ಲ, ಅಳುವೂ ಇಲ್ಲ. ನಮ್ಮ ಸಭೆಯಲ್ಲಿ ಅರ್ಧ ಜನ, ಅವನು ಮೊದಲಿಂದಲೂ ನಿಜವಾದ ವಿಶ್ವಾಸಿಯೇ ಅಲ್ಲ ಅನ್ನುತ್ತಾರೆ. ನಮ್ಮನ್ನು ಬಿಟ್ಟು ಹೋದವರು ನಮ್ಮವರಾಗಿರಲಿಲ್ಲ ಅನ್ನುವ 1 ಯೋಹಾನ 2:19 ತೋರಿಸುತ್ತಾರೆ. ಉಳಿದವರು, ಇತ್ತು, ಕಳೆದುಕೊಂಡ ಅನ್ನುತ್ತಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ನನಗೆ ಜ್ವರ ಬಂದಾಗ ತಲೆ ಮೇಲೆ ಕೈ ಇಟ್ಟು ಅವನು ಮಾಡಿದ ಪ್ರಾರ್ಥನೆ ಸುಳ್ಳು ಅಂತ ನಾನು ಯಾವತ್ತೂ ಒಪ್ಪಲಾರೆ. ಹಾಗಾಗಿ ಧಾರವಾಡದ ಅಣ್ಣಾವ್ರೇ, ಎಚ್ಚರಿಕೆಯ ವಚನಗಳು ಸುಮ್ನೆ ಬರೆದಿಟ್ಟವಲ್ಲ ಅಂತ ನನ್ನ ನಂಬಿಕೆ.

ಆದರೆ ಈ ತಂಗಿಗೂ ಅವನಿಗೂ ವ್ಯತ್ಯಾಸ ನನಗೆ ಕಾಣುತ್ತದೆ. ಅವನಿಗೆ ಅದು ಬೇಡವಾಗಿದೆ. ಇವಳು ಅದು ತನಗೆ ಬೇಕು ಅಂತ ನಿದ್ದೆಗೆಟ್ಟಿದ್ದಾಳೆ. ಇವಳ ಬಗ್ಗೆ ನನಗೆ ಭಯವಿಲ್ಲ.

ಅಣ್ಣ ಪ್ರತಿ ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ನಾನು ಊಟದ ಪ್ರಾರ್ಥನೆ ಮಾಡುವಾಗ ತುತ್ತು ಎತ್ತದೆ ಕಾಯುತ್ತಾನೆ. ಅವನಿಗಾಗಿ ಪ್ರಾರ್ಥಿಸುವುದನ್ನು ನಾನು ಬಿಟ್ಟಿಲ್ಲ.

ಮತ್ತೆ ಗದಗದವಳು

ಅಣ್ಣಾ, ಅಕ್ಕಾ, ಎಲ್ಲರದ್ದನ್ನೂ ಎರಡೆರಡು ಸಲ ಓದಿದೆ. 9ನೇ ವಚನ ಆ ಪುಟದಲ್ಲೇ ಇತ್ತು, ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ನಾಳೆ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಆ ಫೆಲೋಶಿಪ್ಪಿಗೆ ಸ್ವಲ್ಪ ದಿನ ಹೋಗುವುದಿಲ್ಲ. ಬರುವ ಭಾನುವಾರ ಊರಿಗೆ ಹೋಗಿ ಅವ್ವ ಕೂರುತ್ತಿದ್ದ ಬೆಂಚಿನಲ್ಲೇ ಕೂರುತ್ತೇನೆ. ಹಾಡಲು ಆಗಲಿಕ್ಕಿಲ್ಲ. ಬಳ್ಳಾರಿ ಅಕ್ಕಾ, ನಿಮ್ಮ ಅಣ್ಣನ ಹೆಸರಿನ ಮೊದಲಕ್ಷರ ಹೇಳ್ತೀರಾ? ಪ್ರಾರ್ಥನೆ ಬಂದ ದಿನ ಅವರನ್ನೂ ನೆನೆಸಿಕೊಳ್ಳುತ್ತೇನೆ.