ತೋಟದ ನೆರಳಲ್ಲಿ ಒಂದೆಲಗ ಬೆಳೆದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ಹೊಳೆಯಂಚು: ಸಾಗರದ ಕಡೆ ಅರ್ಧ ಎಕರೆ ಅಡಿಕೆ ತೋಟ, ಹದಿನೈದು ವರ್ಷದ ಮರ. ಕೆಳಗಿನ ಜಾಗ ಖಾಲಿ ಬಿದ್ದಿದೆ. ಒಂದೆಲಗ ಹಾಕೋಣ ಅಂತಿದ್ದೇನೆ. ಮಳೆಗಾಲದಲ್ಲಿ ಎರಡು ಮೂರು ದಿನ ನೀರು ನಿಲ್ಲುತ್ತೆ. ಆಗಬಹುದಾ? ಯಾರು ಕೊಳ್ತಾರೆ?

ಶಿರಸಿ ಬೆಟ್ಟದವ: ನಾನು 2019ರಲ್ಲಿ ಹತ್ತು ಗುಂಟೆಗೆ ಹಾಕಿದ್ದೆ, ಲೆಕ್ಕದ ಪುಸ್ತಕ ಇನ್ನೂ ಇದೆ. ಹಂಬು ಹಳ್ಳದ ದಂಡೆಯಿಂದ ಕಿತ್ತು ತಂದಿದ್ದು, ದುಡ್ಡಿಲ್ಲ. ಕಿತ್ತು ನೆಡೋಕೆ 14 ಆಳು, 400ರಂತೆ 5,600. ಗೊಬ್ಬರ 3,000. ಕಳೆ ಎರಡು ಸಲ, 12 ಆಳು, 4,800. ಈ ಕಳೆಯದ್ದೇ ದೊಡ್ಡ ಕಥೆ. ನೆಲಕ್ಕಂಟಿ ಹಬ್ಬುವ ಗಿಡ, ಗಂಟುಗಂಟಿಗೂ ಬೇರು ಬಿಟ್ಟಿರುತ್ತೆ. ಕತ್ತಿ ಹಾಕುವಂತಿಲ್ಲ, ಕೂತು ಬೆರಳಲ್ಲೇ ಆರಿಸಬೇಕು. ಮೂರು ತಿಂಗಳಿಗೆ ಮೊದಲ ಕೊಯ್ಲು: 9 ಆಳು, 3,600. ಸಿಕ್ಕಿದ್ದು 310 ಕೆಜಿ ಹಸಿ ಸೊಪ್ಪು. ಒಣಗಿದ ಮೇಲೆ 36 ಕೆಜಿ! ಅದೂ ಮೋಡದ ದಿನ, ಬಿಸಿಲೇ ಇಲ್ಲ. ಅಡಿಕೆ ಒಣಗಿಸುವ ಅಟ್ಟದ ಮೇಲೆ ಹರಡಿದೆ, ಹೊಗೆ ವಾಸನೆ ಹಿಡೀತು, ಎಲೆ ಕಪ್ಪಾಯ್ತು. 90 ರೂಪಾಯಿ ಅಂತ ಮಾತಾಡಿದ್ದವನು 55 ಕೊಟ್ಟ. 17,000 ಹಾಕಿದ್ದಕ್ಕೆ ಬಂದಿದ್ದು 1,980. ಮುಂದಿನ ಕೊಯ್ಲನ್ನು ಅವನು ನೋಡೋಕೂ ಬರಲಿಲ್ಲ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆದಿದ್ದೆವು, ಎಲೆಯ ಮೇಲೆಲ್ಲ ನೀಲಿ ಚುಕ್ಕೆ.

ಪುತ್ತೂರು ಅಕ್ಕ: ಬೋರ್ಡೋ ಬೀಳುವ ಮರದಡಿಯ ಸೊಪ್ಪನ್ನು ಔಷಧಿಗೆ ಮಾರಲು ಹೊರಟಿರಾ? ತುತ್ತ ಹೊಟ್ಟೆಗೆ ಹೋಗುವುದಿಲ್ಲವಾ? ನಮ್ಮಲ್ಲಿ ತಿಮರೆ ಅಂತೇವೆ, ತೋಟಕ್ಕೆ ಹಾಕಿಯೇ ಇಲ್ಲ. ಬಾವಿಯ ಹತ್ತಿರ ಎರಡು ಗುಂಟೆ, ಮೇಲೆ ಅರ್ಧ ಬಿಸಿಲು ತಡೆಯುವ ನೆರಳುಬಲೆ. ಒಣಗಿಸುವ ಕೆಲಸವೇ ಇಲ್ಲ. ವಾರಕ್ಕೆ ಮೂರು ದಿನ ಇಪ್ಪತ್ತು ಕಟ್ಟು, ಕಟ್ಟಿಗೆ 10 ರೂಪಾಯಿ. ತಂಬುಳಿಗೆ, ಚಟ್ನಿಗೆ ಕೇಳಿಕೊಂಡು ಬರುತ್ತಾರೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಪ್ರಭಾವಿ ತಳಿಯೂ ಉಂಟು, ಊರಿನದ್ದೂ ಉಂಟು. ತಂಬುಳಿಗೆ ಊರಿನದ್ದೇ. ಆದರೆ ಮೊದಲನೇ ವರ್ಷ ನಾನೂ ಅತ್ತಿದ್ದೇನೆ. ಜೂನಿನಲ್ಲಿ ಬಸವನಹುಳು ಒಂದೇ ರಾತ್ರಿ ಅರ್ಧ ಪಾತಿ ಬೋಳು ಮಾಡಿದವು. ಟಾರ್ಚ್ ಹಿಡಿದು ಹನ್ನೊಂದು ರಾತ್ರಿ ಹೆಕ್ಕಿದ್ದೇನೆ, ದಿನಕ್ಕೆ ಒಂದು ಬಕೆಟ್. ಮಾರ್ಚಿನಲ್ಲಿ ನಾಲ್ಕು ದಿನ ನೀರು ತಪ್ಪಿತು, ಹಂಬೆಲ್ಲ ಕಂದಿ ಹೋಯಿತು.

ಶಿರಸಿ ಬೆಟ್ಟದವ: ಅಕ್ಕ, ಬೋರ್ಡೋ ಇಲ್ಲದೆ ಕೊಳೆರೋಗ ತಡೆಯೋದು ಹೇಗೆ ಅಂತ ನೀವೇ ಹೇಳಿ. ಮಳೆ ಹಿಡಿಯೋ ಮೊದಲು ಒಂದು ಸಲ, ನಲವತ್ತು ದಿನಕ್ಕೆ ಮತ್ತೊಂದು. ಬಿಟ್ಟರೆ ಅಡಿಕೆ ಉದುರಿ ಮಣ್ಣಾಗುತ್ತೆ. ಎರಡು ಗುಂಟೆ ಹಿತ್ತಿಲು ಬೇರೆ, ತೋಟ ನಂಬಿ ಬದುಕೋದು ಬೇರೆ.

ಪುತ್ತೂರು ಅಕ್ಕ: ನಮಗೂ ಅಡಿಕೆ ಉಂಟು ಮಾರಾಯ್ರೆ. ಅದಕ್ಕೇ ಮರದಡಿ ಸೊಪ್ಪು ಬೆಳೆಯುವುದಿಲ್ಲ.

ಚನ್ನಗಿರಿ ರೈತ: ನಿಮ್ದು ಸೊಪ್ಪಾದ್ರೂ ಸೊಪ್ಪು. ನಾನು ಮೋಸ ಹೋಗಿದ್ದು ಹೆಸರಲ್ಲಿ. ಕಂಪನಿಯವರು 'ಬ್ರಾಹ್ಮಿ ಬೇಕು' ಅಂದ್ರು. ನರ್ಸರಿಯಲ್ಲಿ ಬ್ರಾಹ್ಮಿ ಅಂತ ಕೇಳಿ 4,000 ಸಸಿ ತಂದೆ, 3ರಂತೆ 12,000. ಕೊಯ್ದು ತೋರಿಸಿದರೆ 'ಇದು ಒಂದೆಲಗ, ನಮಗೆ ಬೇಕಾದ್ದು ನೀರುಬ್ರಾಹ್ಮಿ' ಅಂದ್ರು. ಅದರ ಸಸ್ಯಶಾಸ್ತ್ರದ ಹೆಸರು ಬಕೋಪಾ. ಕೆಸರಲ್ಲಿ ಬೆಳೆಯೋದು, ದಪ್ಪ ಪುಟ್ಟ ಎಲೆ ಜೋಡಿಜೋಡಿ, ಬಿಳಿ-ನೀಲಿ ಹೂ. ಒಂದೆಲಗ ಸೆಂಟೆಲ್ಲಾ, ಕೊತ್ತಂಬರಿ ಜಾತಿ, ದುಂಡನೆ ಎಲೆ, ಸಾಸಿವೆಯಷ್ಟು ಕೆಂಪು ಹೂ ಎಲೆಯಡಿ ನೆಲದಲ್ಲೇ. ಒಳಗಿನ ಸತ್ವವೂ ಬೇರೆ: ಅದರಲ್ಲಿ ಬಕೋಸೈಡ್, ಇದರಲ್ಲಿ ಏಷಿಯಾಟಿಕೋಸೈಡ್. ಒಂದೆಲಗಕ್ಕೆ ಬ್ರಾಹ್ಮಿ ಅನ್ನೋರನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತೆ.

ಮಂಡೂಕಪರ್ಣಿ: ಮೈ ಉರಿಸಿಕೊಳ್ಳಬೇಡಿ. ನಮ್ಮಜ್ಜಿ ಬ್ರಾಹ್ಮಿ ಎಣ್ಣೆ ಕಾಯಿಸುತ್ತಿದ್ದುದು ಒಂದೆಲಗದಿಂದಲೇ. ಈ ಸೀಮೆಯಲ್ಲಿ ಬ್ರಾಹ್ಮಿ ಅಂದರೆ ಅದೇ. ಕಂಪನಿಯವರು ಕೇಳಿದ್ದು ಯಾವುದು ಅಂತ ಕೇಳಿ ಬರೆಸಿಕೊಳ್ಳದಿದ್ದದ್ದು ನಿಮ್ಮ ತಪ್ಪು.

ಚನ್ನಗಿರಿ ರೈತ: 12,000 ನಿಮ್ಮ ಜೇಬಿಂದ ಹೋಗಿದ್ದರೆ ಅಜ್ಜಿ ನೆನಪಾಗ್ತಿರಲಿಲ್ಲ.

ಮಂಡೂಕಪರ್ಣಿ: ಅಜ್ಜಿಯ ವಿಷಯ ಬಿಡಿ. ಸಂಸ್ಕೃತದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದೆ, ಒಂದೆಲಗಕ್ಕೆ ಮಂಡೂಕಪರ್ಣಿ. ಅದಕ್ಕೇ ಯಾವುದು ಅಂತ ಬರೆಸಿಕೊಳ್ಳಬೇಕಿತ್ತು ಅಂದಿದ್ದು.

ಹೊಳೆಯಂಚು: ನೀರು ನಿಲ್ಲುವ ವಿಷಯ ಯಾರೂ ಹೇಳಲಿಲ್ಲ...

ಶಿರಸಿ ಬೆಟ್ಟದವ: ಇದಕ್ಕೆ ತೇವ ಬೇಕು, ನಿಂತ ನೀರು ಆಗೋಲ್ಲ. ಮೂರು ದಿನ ನಿಂತರೆ ನನ್ನಲ್ಲಿ ಬೇರು ಕೊಳೆತಿತ್ತು. ಬಸಿಗಾಲುವೆ ತೆಗೆಯದೆ ನೆಡಬೇಡಿ. ಹೊಳೆಗೆ ಮೇಲಿಂದ ಏನೇನು ಸೇರುತ್ತೆ ಅಂತಲೂ ನೋಡಿ, ನೀರಲ್ಲಿ ಮಣ್ಣಲ್ಲಿ ಇರುವ ವಿಷದ ಲೋಹ ಈ ಗಿಡ ಎಳೆದುಕೊಳ್ಳುತ್ತೆ. ಇಷ್ಟಾದರೂ ಬೇಕು ಅಂದರೆ ನಮ್ಮ ಬಾವಿಕಟ್ಟೆ ಹತ್ತಿರ ಇನ್ನೂ ಒಂದು ಪಾತಿ ಉಳಿದಿದೆ, ಅಮ್ಮ ತಂಬುಳಿಗೆ ಕೀಳ್ತಾಳೆ. ಚೀಲ ತನ್ನಿ, ಹಂಬು ಕೊಡ್ತೇನೆ, ದುಡ್ಡು ಬೇಡ.

ಪುತ್ತೂರು ಅಕ್ಕ: ಬೋರ್ಡೋ ಬಿದ್ದ ಕಡೆಯದ್ದು ಕೊಡಬೇಡಿ.

ಶಿರಸಿ ಬೆಟ್ಟದವ: ಬಾವಿಕಟ್ಟೆಯದ್ದು ಅಂತ ಬರೆದಿದ್ದೇನಲ್ಲ ಅಕ್ಕ. ಅಲ್ಲಿ ಅಡಿಕೆ ಮರವೇ ಇಲ್ಲ.