ಕಂದು ಬಣ್ಣದ್ದಕ್ಕೂ ‘ಮಸಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಚಿತ್ರಕಾರ ಕ್ಲೋಡ್ ಲೊರೇನ್ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಬರಹ ಮಾಡುತ್ತಿದ್ದೇನೆ. ಹುಟ್ಟಿದ್ದು ಇಂದಿನ ಫ್ರಾನ್ಸಿನ ಲೊರೇನ್ ಪ್ರಾಂತ್ಯದಲ್ಲಿ, ಆದರೆ ಬಾಳಿನ ಬಹುಪಾಲು ಕಳೆದದ್ದು ರೋಮಿನಲ್ಲಿ. 1682ರಲ್ಲಿ ತೀರಿಕೊಂಡದ್ದೂ ಅಲ್ಲೇ. ಮರ, ನದಿ, ಬಂದರು, ಇಳಿಬಿಸಿಲು ಬರೆಯುವುದರಲ್ಲಿ ಎತ್ತಿದ ಕೈ. ಬೇರೆಯವರು ತನ್ನ ಚಿತ್ರಗಳನ್ನು ನಕಲು ಮಾಡಿ ಮಾರುತ್ತಾರೆ ಅಂತ 1635ರ ಸುಮಾರಿಗೆ ಒಂದು ಪುಸ್ತಕ ಶುರು ಮಾಡಿದ. ವರ್ಣಚಿತ್ರ ಮುಗಿದ ಹಾಗೆ ಅದರ ರೇಖಾಪ್ರತಿ ಅದರಲ್ಲಿ. ಯಾರಿಗೆ ಹೋಯಿತು ಅನ್ನುವುದು ಹಾಳೆಯ ಹಿಂದೆ, ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ. ಹೆಸರು ‘ಲೀಬರ್ ವೆರಿಟಾಟಿಸ್’, ಅಂದರೆ ಸತ್ಯದ ಪುಸ್ತಕ. 1957ರಿಂದ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಅಲ್ಲಿನ ವಿವರಣೆಯಲ್ಲಿ ಬರುವುದು ‘ಪೆನ್ ಅಂಡ್ ಬ್ರೌನ್ ಇಂಕ್’. ಇದನ್ನು ‘ಲೇಖನಿ ಮತ್ತು ಕಂದು ಮಸಿ’ ಅಂತ ಬರೆದೆ. ಓದಿದ ಗೆಳೆಯರೊಬ್ಬರು ತಕರಾರು ತೆಗೆದರು: ಮಸಿ ಅಂದಮೇಲೆ ಕಪ್ಪೇ, ಕಂದು ಮಸಿ ಎಲ್ಲಿಂದ ಬಂತು? ಅವರ ಮಾತೂ ಸರಿಯೇ. ಪಾತ್ರೆಗೆ ಹಿಡಿಯುವುದು ಮಸಿ, ಒಲೆಯ ಹತ್ತಿರ ಇರುವುದು ಮಸಿಬಟ್ಟೆ, ಮುಖಕ್ಕೆ ಬಳಿಯುವುದೂ ಮಸಿ.

ಆದರೆ ಆ ಕಾಲದ ಯೂರೋಪಿನಲ್ಲಿ ಕಂದು ಇಂಕು ಒಂದೇ ಬಗೆಯದಲ್ಲ. ಒಂದು, ಬಿಸ್ಟರ್. ಕಟ್ಟಿಗೆ ಉರಿಸಿದಾಗ ಹೊಗೆಗೂಡಿನಲ್ಲಿ ಕಟ್ಟುವ ಮಸಿಯನ್ನು ನೀರಲ್ಲಿ ಕುದಿಸಿ ಸೋಸಿದ್ದು. ಅಪ್ಪಟ ಮಸಿ, ಬಣ್ಣ ಮಾತ್ರ ಕಂದು! ಇನ್ನೊಂದರಲ್ಲಿ ಹೊಗೆಯ ಸುಳಿವೇ ಇಲ್ಲ. ಓಕ್ ಮರದ ಮೇಲೆ ಒಂದು ಸಣ್ಣ ಕಣಜ ಮೊಟ್ಟೆ ಇಟ್ಟಲ್ಲಿ ಗಂಟು ಕಟ್ಟುತ್ತದೆ. ಆ ಗಂಟಿನ ಒಗರಿನ ರಸಕ್ಕೆ ಅನ್ನಭೇದಿ (ಕಬ್ಬಿಣದ ಒಂದು ಲವಣ), ಗೋಂದು ಸೇರಿಸುತ್ತಿದ್ದರು. ಬರೆದಾಗ ಕಪ್ಪಗೇ ಇರುತ್ತದೆ, ವರ್ಷ ಕಳೆದಂತೆ ಕಂದಾಗುತ್ತದೆ. ಜಾಸ್ತಿ ಹಾಕಿದ ಕಡೆ ಕಾಗದವನ್ನೇ ತಿಂದುಬಿಡುವುದೂ ಉಂಟು. ಬರೀ ಕಣ್ಣಲ್ಲಿ ನೋಡಿ ಯಾವುದು ಯಾವುದು ಅಂತ ಹೇಳುವುದು ಕಷ್ಟ. ಅದಕ್ಕೇ ಮ್ಯೂಸಿಯಂನವರು ಸುಮ್ನೆ ‘ಬ್ರೌನ್ ಇಂಕ್’ ಅಂದುಬಿಡುತ್ತಾರೆ.

ಮಜಾ ಅಂದರೆ, ಆ ಓಕ್ ಗಂಟು ನಮಗೆ ಹೊಸದೇನಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಮಾಚಿಕಾಯಿ ಅದೇ. ಮಗುವಿಗೆ ತೇಯ್ದು ನೆಕ್ಕಿಸುತ್ತಾರಲ್ಲ, ಅದು. ಹಾಗಾಗಿ ಎರಡನೆಯದಕ್ಕೆ ‘ಮಾಚಿಕಾಯಿ ಶಾಯಿ’ ಅಂತ ಹೆಸರಿಟ್ಟುಕೊಂಡಿದ್ದೇನೆ. ಬಿಸ್ಟರ್‌ಗೆ ‘ಹೊಗೆಮಸಿ’. ಎರಡರಲ್ಲಿ ಯಾವುದು ಅಂತ ಗೊತ್ತಿಲ್ಲದ ಕಡೆ ‘ಕಂದು ಶಾಯಿ’. ‘ಶಾಯಿ’ ಪಾರಸಿ ಮೂಲದ್ದು, ಅದಕ್ಕೂ ಮೂಲದಲ್ಲಿ ಕಪ್ಪು ಅಂತಲೇ ಅರ್ಥ. ಆದರೂ ಕೆಂಪು ಶಾಯಿ, ನೀಲಿ ಶಾಯಿ ಅಂತ ಹೇಳಿ ಹೇಳಿ ಕಿವಿಗೆ ಒಗ್ಗಿಹೋಗಿದೆ ಅಲ್ವಾ? ‘ಕೆಂಪು ಮಸಿ’ ಅನ್ನುವ ರೂಢಿ ನಿಮ್ಮ ಕಡೆ ಇದ್ದರೆ ತಿಳಿಸಿ. ಹಾಗಿದ್ದರೆ ಗೆಳೆಯರ ತಕರಾರು ಅಲ್ಲಿಗೇ ಬಿತ್ತು.

ಇನ್ನೊಂದು ಸಿಕ್ಕು ‘ವಾಶ್’. ಕ್ಲೋಡ್ ಎಲೆಗಳ ಅಂಚನ್ನು ಗರಿಯ ಲೇಖನಿಯಲ್ಲಿ ಗೀಚಿ, ಅದೇ ಇಂಕಿಗೆ ನೀರು ಬೆರೆಸಿ ಕುಂಚದಲ್ಲಿ ನೆರಳು ಎಳೆಯುತ್ತಾನೆ. ಬೆಳಕು ಬೇಕಾದ ಕಡೆ ಕಾಗದವನ್ನು ಹಾಗೇ ಬಿಡುತ್ತಾನೆ. ಕಲಾಶಾಲೆಯವರು ‘ವಾಶ್’ ಅಂತಲೇ ಹೇಳುತ್ತಾರೆ. ‘ತೆಳುಲೇಪ’ ಅಂದರೆ ಯಾಕೋ ಮುಲಾಮು ಹಚ್ಚಿದ ಹಾಗಿದೆ. ‘ನೀರುಬಳಿತ’ ಹೇಗೆ? ಚಿತ್ರ ಬರೆಯುವವರು, ಗೋಡೆಗೆ ಸುಣ್ಣ ಹೊಡೆಯುವವರು ತೆಳ್ಳಗೆ ಒಂದು ಕೈ ಎಳೆಯುವುದಕ್ಕೆ ಏನನ್ನುತ್ತಾರೆ, ಕೇಳಿ ಬಲ್ಲವರು ತಿಳಿಸಿ.