300 ಎಂಎಂ ಲೆನ್ಸ್‌ನಲ್ಲಿ ಹಕ್ಕಿ ಫೋಟೊ: ಎಲ್ಲಿಂದ ಶುರು ಮಾಡಲಿ?

ಕೇಳಿದ್ದು (ಹಾಸನದಿಂದ): ಮದುವೆ, ಮುಂಜಿ ಫೋಟೊ ತೆಗೆದು ಸಾಕಾಗಿದೆ. ಈಗ ಹಕ್ಕಿ, ಪ್ರಾಣಿಗಳ ಹುಚ್ಚು ಹತ್ತಿದೆ. ಇರೋದು 70-300 ಲೆನ್ಸ್. ಪದೇ ಪದೇ ಕಬಿನಿ ಸಫಾರಿಗೆ ಹೋಗೋಷ್ಟು ದುಡ್ಡಿಲ್ಲ. ಅನುಭವ ಇರುವವರು ದಾರಿ ಹೇಳಿ.

ಮೈಸೂರಿನಿಂದ: ಹುಲಿ ಇರಲಿ ಮೇಡಂ, ಮೊದಲು ನಿಮ್ಮೂರ ಕೆರೆ ಏರಿ ಹಿಡಿಯಿರಿ. ಒಂದು ಮಿಂಚುಳ್ಳಿ ನೋಡಿಟ್ಟುಕೊಳ್ಳಿ. ಅದಕ್ಕೆ ಇಷ್ಟದ ಕೊಂಬೆ ಅಂತ ಒಂದೆರಡು ಇರುತ್ತವೆ. ಹಾರಿದರೆ ಬೆನ್ನು ಹತ್ತಬೇಡಿ, ಕೂತಲ್ಲೇ ಕೂತಿರಿ, ವಾಪಸ್ ಬರುತ್ತೆ. ಮೀನು ಹಿಡಿದ ತಕ್ಷಣ ನುಂಗಲ್ಲ. ಕೊಂಬೆಗೆ ಬಡಿದು ಬಡಿದು, ಮೀನಿನ ತಲೆ ಒಳಮುಖ ಆಗುವ ಹಾಗೆ ತಿರುಗಿಸಿಕೊಂಡು ಆಮೇಲೆ ಗುಳುಂ. ನಿಮಗೆ ಸಿಗುವ ಸಮಯ ಅದೇ. ಫೋಕಸ್ ಕಣ್ಣಿನ ಮೇಲಿರಲಿ, ಶಟರ್ ವೇಗ 1/1000 ಸೆಕೆಂಡಿಗಿಂತ ನಿಧಾನ ಆಗೋದು ಬೇಡ. ಬೆಳಕು ಸಾಲದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ. ಕಾಳು ಕಾಳಾದ ಫೋಟೊ ನೋಡಬಹುದು, ಅಲುಗಿದ್ದನ್ನು ಏನೂ ಮಾಡೋಕಾಗಲ್ಲ. ಬೆಳ್ಳಕ್ಕಿಗೆ ಮಾತ್ರ ಎಕ್ಸ್‌ಪೋಷರ್ (ಫೋಟೊಗೆ ಬೀಳುವ ಬೆಳಕು) ಸ್ವಲ್ಪ ಕಡಿಮೆ ಮಾಡಿ. ಇಲ್ಲದಿದ್ದರೆ ಗರಿ ಒಂದೂ ಕಾಣದೆ ಸುಣ್ಣ ಬಳಿದ ಹಾಗೆ ಬರುತ್ತೆ.

ಮಂಡ್ಯದಿಂದ: ನಿಮ್ಮ ಲೆನ್ಸ್‌ಗೆ ಹೇಳಿ ಮಾಡಿಸಿದ ಜಾಗ ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಫೆಬ್ರವರಿ, ಮಾರ್ಚ್ ಒಳ್ಳೇ ಕಾಲ. ಮರ ಯಾರದೋ ಹಿತ್ತಲಲ್ಲಿರುತ್ತೆ, ಕೇಳಿಕೊಂಡು ಒಳಗೆ ಹೋಗಿ. ರಂಗನತಿಟ್ಟಿನಲ್ಲೂ ದೋಣಿ ಹಕ್ಕಿಗಳ ಹತ್ತಿರಕ್ಕೇ ಹೋಗುತ್ತೆ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿ ಹೊರಡಿ.

ಬೆಂಗಳೂರಿನಿಂದ: 300 ಸಾಕು ಅಂತ ನಾನು ಸುಮ್ನೆ ಸಮಾಧಾನ ಹೇಳಲ್ಲ. ಪಿಕಳಾರದಂಥ ಪುಟ್ಟ ಹಕ್ಕಿ ಸ್ವಲ್ಪ ದೂರ ಕೂತರೆ ಚುಕ್ಕಿ ಆಗಿಬಿಡುತ್ತೆ. ಆದರೆ ಸಾಲ ಮಾಡಿ ಕೊಳ್ಳಬೇಡಿ. ಇಲ್ಲಿ 150-600 ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತೆ. ಸುಮಾರು 2 ಕೆಜಿ ತೂಕ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೊತ್ತು ನಡೆದು ನೋಡಿ, ಭುಜವೇ ಉತ್ತರ ಹೇಳುತ್ತೆ.

ಶಿವಮೊಗ್ಗದಿಂದ: ಒಂದು ವಿಷಯ ಯಾರೂ ಎತ್ತಲಿಲ್ಲ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸಬೇಡಿ. ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ಗಿತು ಅಂತ ಮರಿ ಬಿಟ್ಟು ಜಗಳಕ್ಕೆ ಬರುತ್ತೆ ಪಾಪ. ಗೂಡಿಗೆ ಅಡ್ಡ ಇದೆ ಅಂತ ಎಲೆ ಕೀಳುವವರನ್ನು ಕಂಡರಂತೂ ನನಗೆ ಮೈ ಉರಿಯುತ್ತೆ. ಆ ಎಲೆಯೇ ಅಲ್ವಾ ಮರಿಗೆ ನೆರಳು? ಕಾಗೆ ಕಣ್ಣಿಗೂ ಮರೆ ಅದೇ. ಇನ್ನು, ಟಿಟ್ಟಿಭ ಹಕ್ಕಿ ನಿಮ್ಮ ತಲೆ ಮೇಲೆ ಕಿರುಚುತ್ತಾ ಸುತ್ತುತ್ತಿದ್ದರೆ ಮೊಟ್ಟೆ ಅಲ್ಲೇ ಎಲ್ಲೋ ನೆಲದ ಮೇಲಿದೆ ಅಂತ ಲೆಕ್ಕ. ಕ್ಯಾಮೆರಾ ಇಳಿಸಿ, ಕಾಲ ಕೆಳಗೆ ನೋಡಿಕೊಂಡು ಬಂದ ದಾರೀಲೇ ಹಿಂದೆ ಹೋಗಿ.